ಐಲರ್ಟ್ ಎಸೆದ ಅಲೆಗಳು

ಸಮುದ್ರವನ್ನು ‘ನನ್ನದು’ ಎಂದು ಕರೆಯುವ ಇಬ್ಬರನ್ನು ನಾನು ಬಲ್ಲೆ. ಒಬ್ಬ ನಮ್ಮ ಊರು ಟ್ರೋನ್‌ಹೈಮ್‌ನ ಹಳೆಯ ಬಂದರಿನಲ್ಲಿ ಕುಡಿದು ಬಿದ್ದಿರುತ್ತಿದ್ದ. ಇನ್ನೊಬ್ಬ ಐಲರ್ಟ್ ಮಿಕ್ಲೆಬುಸ್ಟ್, ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು. ಮೊದಲನೆಯವನಿಗಾದರೂ ಹಡಗು ಹತ್ತಿದರೆ ವಾಂತಿ ಬರುತ್ತಿರಲಿಲ್ಲ.

ಐಲರ್ಟ್ ಹುಟ್ಟಿದ್ದು ಫ್ರೋಯಾ ದ್ವೀಪದಲ್ಲಿ. ಅಪ್ಪ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಕೆಲಸದವನು. ಊರಿಗೆ ಊರನ್ನೇ ದಿನವೂ ಆಚೆ ದಡಕ್ಕೆ ಕಳಿಸುತ್ತಿದ್ದ ಆತನಿಗೆ ಸ್ವಂತ ಮಗನನ್ನು ಮಾತ್ರ ಒಮ್ಮೆಯೂ ಸುಸೂತ್ರವಾಗಿ ಕಳಿಸಲಾಗಲಿಲ್ಲ. ಹುಡುಗ ಅರ್ಧ ದಾರಿಯಲ್ಲೇ ಮುಖ ಹಸಿರಾಗಿ ಕಟಾಂಜನದ ಮೇಲೆ ಬಗ್ಗುತ್ತಿದ್ದ. ಓದಲೆಂದು ಟ್ರೋನ್‌ಹೈಮ್‌ಗೆ ಬಂದ ಐಲರ್ಟ್ ನೆಮ್ಮದಿಯಾಗಿ ಊರಿಗೆ ಹೋಗಿಬರಲು ಶುರುಮಾಡಿದ್ದು ಸರಕಾರ ಕಡಲ ತಳದಲ್ಲಿ ಸುರಂಗ ತೋಡಿಸಿದ ಮೇಲೆ.

ನಮ್ಮ ಕೆಲಸ ಹೇಳಿಕೊಳ್ಳಲು ಸುಲಭ, ಮಾಡಲು ಬೇಸರ. ಉತ್ತರ ಸಮುದ್ರದ ನಡುವೆ ಉಕ್ಕಿನ ಕಾಲುಗಳ ಮೇಲೆ ತೈಲ ವೇದಿಕೆಗಳು ನಿಂತಿವೆ. ಮೇಲೆ ಜನ ಉಣ್ಣುತ್ತಾರೆ, ಮಲಗುತ್ತಾರೆ, ಟೇಬಲ್ ಟೆನಿಸ್ ಆಡುತ್ತಾರೆ. ಕೆಳಗೆ ಅಲೆಗಳು ಕಾಲುಗಳನ್ನು ದೂಡುತ್ತಿರುತ್ತವೆ. ಎಷ್ಟು ದೂಡುತ್ತವೆ, ಅಲೆಯ ತಲೆ ಯಾವತ್ತಾದರೂ ಕೆಳಮಹಡಿಗೆ ತಾಗೀತೇ ಎಂದು ಮೊದಲೇ ಹೇಳುವುದು ನಮ್ಮ ಹೊಟ್ಟೆಪಾಡು. ದೊಡ್ಡ ಬಿರುಗಾಳಿ ಬರಲಿ ಎಂದು ಕಾಯುತ್ತ ಕೂರಲು ಯಾರೂ ಸಂಬಳ ಕೊಡುವುದಿಲ್ಲವಾದ್ದರಿಂದ ಅದನ್ನು ಕಂಪ್ಯೂಟರಿನೊಳಗೇ ಎಬ್ಬಿಸುತ್ತೇವೆ. ಗಾಳಿ ಅದೇ, ಸಮುದ್ರ ಅದೇ ಆದರೂ ಅಲೆಗಳು ಒಂದರ ಮೇಲೊಂದು ಏರಿ ಸೇರುವ ಬಗೆ ಪ್ರತಿ ಸಲವೂ ಬೇರೆ. ಹಾಗಾಗಿ ಕಂಪ್ಯೂಟರು ದಾಳ ಉರುಳಿಸುತ್ತದೆ. ಒಂದು ದಾಳಕ್ಕೆ ಒಂದು ಬಿರುಗಾಳಿ. ಮತ್ತೆ ಮತ್ತೆ ಉರುಳಿಸಿ, ಬಂದದ್ದರಲ್ಲಿ ಅತಿ ಕೆಟ್ಟದ್ದನ್ನು ನೋಡಿ, ‘ತಡೆಯುತ್ತದೆ’ ಎಂದೋ ‘ತಡೆಯುವುದಿಲ್ಲ’ ಎಂದೋ ಹೇಳುತ್ತೇವೆ. ಆ ದಾಳ ಉರುಳಿಸುವ ಪ್ರೋಗ್ರಾಂ ಬರೆದವನು ಐಲರ್ಟ್.

ಅದನ್ನು ಅವನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ಕೆಲಸಕ್ಕೆ ಹೊಸಬರು ಸೇರಿದರೆ ಅವರನ್ನು ತನ್ನ ಪರದೆಯ ಮುಂದೆ ಕೂರಿಸಿಕೊಂಡು, ಏಳುವ ಬೀಳುವ ನೀಲಿ ಗೆರೆಗಳನ್ನು ತೋರಿಸಿ, “ಇಲ್ಲಿ ನಾನು ಹೇಳದೆ ಒಂದು ಹನಿಯೂ ಅಲ್ಲಾಡಲ್ಲ” ಎನ್ನುತ್ತಿದ್ದ. ಸೃಷ್ಟಿಕರ್ತರು ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮೇಣದ ಕಾಗದದಲ್ಲಿ ಕಂದು ಚೀಸಿನ ಬ್ರೆಡ್ಡು ಸುತ್ತಿಕೊಂಡು ಬರುವುದಿಲ್ಲ. ಐಲರ್ಟ್ ಬರುತ್ತಿದ್ದ.

ಇನ್ನು ಕೇಕಿನ ವಿಷಯ ಹೇಳಬೇಕು. ನಮ್ಮ ದೇಶದ ಕಚೇರಿಗಳಲ್ಲಿ ಬೈಯುವ ಪದ್ಧತಿ ಇಲ್ಲ, ಅದರ ಬದಲು ಕೇಕ್ ದಂಡ ಇದೆ. ಸಭೆಗೆ ತಡವಾಗಿ ಬಂದರೆ ಕೇಕ್. ಕಾಫಿ ಯಂತ್ರ ಕೆಡಿಸಿದರೆ ಕೇಕ್. ನಮ್ಮಲ್ಲಿ ಇನ್ನೊಂದು ಕಾನೂನು ಸೇರಿಕೊಂಡಿತ್ತು: ಯಾರ ಲೆಕ್ಕ ಅರ್ಧಕ್ಕೇ ಮುಗ್ಗರಿಸಿ ನಿಂತಿತೋ ಅವರೂ ಶುಕ್ರವಾರ ಕೇಕ್ ತರಬೇಕು. ಹಾಗೆ ನಿಂತ ಲೆಕ್ಕವನ್ನು ನಾವು ‘ಸತ್ತಿತು’ ಎನ್ನುತ್ತೇವೆ. ಇಪ್ಪತ್ತು ವರ್ಷದ ಹಿಂದಿನ ಒಂದು ಶರತ್ಕಾಲದಲ್ಲಿ ಐಲರ್ಟನ ಲೆಕ್ಕಗಳು ಸಾಲಾಗಿ ಸತ್ತವು. ಅವನು ಸೂಪರ್ ಮಾರ್ಕೆಟ್ಟಿನ ಅತಿ ಅಗ್ಗದ, ಮರಳಿನಂತೆ ಉದುರುವ ಕೇಕನ್ನು ವಾರವಾರವೂ ಹೊತ್ತು ತಂದ.

“ಈ ವಾರಾನೂ ನೀನೇನಾ ಐಲರ್ಟ್? ನಿನ್ನ ಸಮುದ್ರಕ್ಕೆ ಏನು, ಭೇದಿ ಹತ್ತಿದೆಯಾ?” ಎಂದು ನಾನೇ ಕೇಳಿದ್ದೆ.

“ಸಮುದ್ರಕ್ಕೇನೂ ಆಗಿಲ್ಲ. ಅಂಕಿ ಕೆಟ್ಟಿವೆ ಅಷ್ಟೇ.”

“ಅಂಕಿ ಕೆಟ್ಟರೆ ತಡಕೋಬಹುದು ಮಾರಾಯ. ಈ ಕೇಕ್ ತಡಕೊಳ್ಳೋಕಾಗಲ್ಲ” ಎಂದಳು ವಿಗ್ದಿಸ್. ಆಗ ಅವಳಿನ್ನೂ ನಮ್ಮ ಮುಖ್ಯಸ್ಥೆ ಆಗಿರಲಿಲ್ಲ, ಹಾಗಾಗಿ ಅವಳ ಮಾತಿನಲ್ಲಿ ತಿರುಳು ಇರುತ್ತಿತ್ತು.

ಐಲರ್ಟನಿಗೆ ಕೇಕಿನ ಖರ್ಚಿಗಿಂತ ನಗು ಚುಚ್ಚಿತು. ಸಮುದ್ರದ ಒಡೆಯ ವಾರಕ್ಕೊಮ್ಮೆ ರಟ್ಟಿನ ಪೆಟ್ಟಿಗೆ ಹಿಡಿದು ನಿಲ್ಲುವುದೇ? ಮುಂದಿನ ಸೋಮವಾರ ಬಂದವನೇ ಪ್ರೋಗ್ರಾಂಗೆ ನಾಲ್ಕು ಸಾಲು ಸೇರಿಸಿದ. ಒಂದು ಬಿರುಗಾಳಿಯ ಲೆಕ್ಕ ನಡುವೆ ಸತ್ತರೆ ಅದನ್ನು ಸದ್ದಿಲ್ಲದೆ ಎಸೆ, ಹೊಸದಾಗಿ ದಾಳ ಉರುಳಿಸು, ಇನ್ನೊಂದನ್ನು ಶುರುಮಾಡು, ಯಾರಿಗೂ ಹೇಳಬೇಡ. ಅಷ್ಟೇ. ಅಲ್ಲಿಂದ ಮುಂದೆ ಐಲರ್ಟನ ಲೆಕ್ಕ ಸಾಯಲಿಲ್ಲ. ಬೇರೆಯವರೂ ಬಂದು ಆ ಸಾಲುಗಳನ್ನು ಕೇಳಿ ಪಡೆದರು. ಬೇರೆ ಊರಿನವರು, ಬೇರೆ ದೇಶದವರು ಪ್ರೋಗ್ರಾಂ ಕೇಳಿದಾಗ ಐಲರ್ಟ್ ದಾನಶೂರನಂತೆ ಕೊಟ್ಟ. “ನನ್ನದು ನಿಲ್ಲೋದೇ ಇಲ್ಲ” ಎನ್ನುವುದು ಅವನ ಹೊಸ ಮಾತಾಯಿತು. ಹಾಗೆ ಹೇಳುವಾಗ ಸ್ವೆಟರನ್ನು ಒಮ್ಮೆ ಕೆಳಗೆ ಜಗ್ಗಿಕೊಳ್ಳುತ್ತಿದ್ದ.

ಕಾಲ ಹೋಯಿತು. ಅವನ ಒಬ್ಬಳೇ ಮಗಳು ಯೋರುನ್ ನರ್ಸ್ ಆದಳು. ಕಡಲಿಗೆ ಹೆದರುವ ಅಪ್ಪನ ಹೊಟ್ಟೆ ಅವಳಿಗೆ ಬಂದಿರಲಿಲ್ಲ, ನಾಲಿಗೆ ಮಾತ್ರ ಅಮ್ಮ ಬೋರ್ಗ್ನಿಯದು. ಅವಳು ಕೆಲಸ ಹಿಡಿದದ್ದು ಹಾವ್‌ಸುಲಾ ಎಂಬ ತೈಲ ವೇದಿಕೆಯಲ್ಲಿ. ಎರಡು ವಾರ ಕಡಲಲ್ಲಿ, ನಾಲ್ಕು ವಾರ ಮನೆಯಲ್ಲಿ. ಹಾವ್‌ಸುಲಾದ ಲೆಕ್ಕ ಹಾಕಿದ್ದು ಐಲರ್ಟನೇ ಆದ್ದರಿಂದ, ಮಗಳನ್ನು ತಾನೇ ಕಟ್ಟಿಸಿದ ಮನೆಗೆ ಮದುವೆ ಮಾಡಿ ಕಳಿಸಿದವನ ಹಾಗೆ ಓಡಾಡಿದ.

ಅವಳು ಕೆಲಸಕ್ಕೆ ಸೇರಿದ ವರ್ಷದ ಡಿಸೆಂಬರಿನಲ್ಲಿ ಒಂದು ಸಾಧಾರಣ ಗಾಳಿ ಬೀಸಿ ಹೋಯಿತು. ಮರುದಿನ ಊಟದ ಹೊತ್ತಿಗೆ ಯೋರುನ್ ಫೋನ್ ಮಾಡಿದಳು. ಐಲರ್ಟ್ ಅದನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಮಗಳು ಸಮುದ್ರದಿಂದ ಮಾತಾಡುತ್ತಾಳೆ ಎಂಬುದು ನಮಗೆಲ್ಲ ಗೊತ್ತಾಗಬೇಕಲ್ಲ.

“ಅಪ್ಪ, ನಿನ್ನೆ ನಿನ್ನ ಸಮುದ್ರ ನನ್ನ ಕೋಣೆ ಬಾಗಿಲು ತಟ್ಟಿತು. ಬಾಗಿಲಲ್ಲ, ನೆಲ. ಕೆಳಗಿನಿಂದ.”

“ನೀರಿನ ಹನಿ ಇರಬೇಕು. ಗಾಳಿಗೆ ಹಾರುತ್ತೆ.”

“ಹನಿ ಬಡಿದ್ರೆ ಔಷಧಿ ಕಪಾಟು ಬೀಳುತ್ತಾ?”

“ಯೋರುನ್, ಕೇಳು. ಅದಕ್ಕಿಂತ ಎಷ್ಟೋ ಕೆಟ್ಟ ಗಾಳೀಲೂ ಅಲೆ ತಲೆಗೂ ನಿನ್ನ ಕೋಣೆ ನೆಲಕ್ಕೂ ಮಧ್ಯೆ ಒಬ್ಬ ಮನುಷ್ಯ ನಿಲ್ಲೋಷ್ಟು ಜಾಗ ಇದೆ. ಲೆಕ್ಕ ನನ್ನದು.”

“ಸರಿ. ಆ ಮನುಷ್ಯನ್ನ ಒಂದ್ಸಲ ಕಳಿಸು. ಹ್ಯಾಗೆ ನಿಲ್ತಾನೆ ನಾನೂ ನೋಡ್ತೀನಿ.”

ನಾವೆಲ್ಲ ನಕ್ಕೆವು. ಐಲರ್ಟ್ ಬ್ರೆಡ್ಡಿನ ಕಾಗದವನ್ನು ಮಡಚಿ, ಮತ್ತೆ ಮಡಚಿ ಜೇಬಿಗಿಟ್ಟ.

ಮಗಳ ಬಾಯಿ ಮುಚ್ಚಿಸಬೇಕೆಂದೇ ಅವನು ಆ ಡಿಸೆಂಬರಿನ ಗಾಳಿಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಲು ಕುಳಿತದ್ದು. ಅಲೆ ಎಲ್ಲಿವರೆಗೆ ಬಂತು, ಎಲ್ಲಿ ಬರಲಿಲ್ಲ ಎಂಬ ಚಂದದ ಒಂದು ಚಿತ್ರ ಮಾಡಿ ಅವಳಿಗೆ ಕಳಿಸುವುದು ಉದ್ದೇಶ. ಒಂದೊಂದು ಬಿರುಗಾಳಿಯನ್ನೂ ಕಣ್ಣಾರೆ ನೋಡಬೇಕಿದ್ದರಿಂದ ತನ್ನ ಹಳೆಯ ನಾಲ್ಕು ಸಾಲುಗಳನ್ನು ತಾತ್ಕಾಲಿಕವಾಗಿ ತೆಗೆದ. ಪ್ರೋಗ್ರಾಂ ಓಡಿತು, ಸತ್ತಿತು. ಇನ್ನೊಮ್ಮೆ ಓಡಿಸಿದ. ಒಂದೆರಡು ಬಿರುಗಾಳಿ ದಾಟಿತು, ಮತ್ತೆ ಸತ್ತಿತು.

ಮೊದಲ ದಿನ ಅವನು ಕಂಪ್ಯೂಟರನ್ನು ಬೈದ. ಎರಡನೆಯ ದಿನ ಕಂಪ್ಯೂಟರನ್ನು ಕೊಂಡುತಂದವರನ್ನು ಬೈದ. ಆಮೇಲೆ ಬೈಗುಳ ನಿಂತಿತು. ಪಕ್ಕದ ಮೇಜಿನಿಂದ ಬೈಗುಳ ನಿಂತದ್ದು ನನಗೆ ಫ್ರಿಜ್ಜಿನ ಮೊರೆತ ನಿಂತಷ್ಟೇ ಸ್ಪಷ್ಟವಾಗಿ ಕೇಳಿಸಿತು. ತಿರುಗಿ ನೋಡಿದೆ. ಊಟದ ಹೊತ್ತು ಮೀರಿತ್ತು. ಬ್ರೆಡ್ಡಿನ ಪೊಟ್ಟಣ ಬಿಚ್ಚಿರಲಿಲ್ಲ.

“ಓಸ್ಮುನ್, ಇಲ್ಲಿ ಬಾ” ಎಂದು ನನ್ನನ್ನು ಕರೆದ. “ಇವು ಸಾಯೋ ಮುಂಚಿನ ಕೊನೇ ಗಳಿಗೆ. ಒಂದೊಂದೇ ನೋಡು.”

ನೋಡಿದೆ. ಬೇರೆ ಬೇರೆ ದಾಳದ, ಬೇರೆ ಬೇರೆ ಬಿರುಗಾಳಿಗಳ ಕೊನೆಯ ಚಿತ್ರ. ಎಲ್ಲದರಲ್ಲೂ ನೀರು ವೇದಿಕೆಯ ನೈರುತ್ಯ ಮೂಲೆಯ ಕಾಲಿನ ಬಳಿ ಗುಡ್ಡೆಯಾಗಿ ಎದ್ದಿತ್ತು. ಎಲ್ಲದರಲ್ಲೂ ಗುಡ್ಡೆಯ ತುದಿ ಕೆಳಮಹಡಿಯ ತಳವನ್ನು ಮುಟ್ಟಿತ್ತು.

“ಸತ್ತವೆಲ್ಲ ಒಂದೇ ಜಾಗದಲ್ಲಿ ಸತ್ತಿವೆ” ಎಂದ ಐಲರ್ಟ್.

ಅರ್ಥವಾಗಲು ಜಾಣತನ ಬೇಕಿರಲಿಲ್ಲ. ನೀರು ಅಷ್ಟು ಎತ್ತರ ಬರುವುದಿಲ್ಲ ಎಂದು ನಂಬಿ ಬರೆದ ಪ್ರೋಗ್ರಾಂ ಅದು. ನೀರು ಮಹಡಿಗೆ ತಾಗಿದರೆ ಮುಂದೇನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ತಾಗಿದ ಕ್ಷಣ ಅದಕ್ಕೆ ಉಸಿರುಕಟ್ಟುತ್ತಿತ್ತು. ಉಸಿರುಕಟ್ಟಿದ್ದನ್ನೆಲ್ಲ ನಾಲ್ಕು ಸಾಲುಗಳು ಎತ್ತಿ ಹೊರಗೆಸೆಯುತ್ತಿದ್ದವು. ಇಪ್ಪತ್ತು ವರ್ಷ ನಾವು ಸೌಮ್ಯವಾದ ಬಿರುಗಾಳಿಗಳನ್ನು ಆರಿಸಿ ಇಟ್ಟುಕೊಂಡು, ಕೊಲ್ಲುವವನ್ನು ಕಸಕ್ಕೆ ಹಾಕಿ, ಉಳಿದವುಗಳಲ್ಲಿ ಅತಿ ಕೆಟ್ಟದ್ದನ್ನು ನೋಡಿ ‘ತಡೆಯುತ್ತದೆ’ ಎಂದು ಸಹಿ ಹಾಕುತ್ತಿದ್ದೆವು.

“ಯೋರುನ್ ಈಗ ಎಲ್ಲಿದ್ದಾಳೆ?” ಎಂದು ಕೇಳಿದೆ.

“ನಿನ್ನೆ ಹೋದಳು.” ಅವನು ಪರದೆಯ ನೈರುತ್ಯ ಮೂಲೆಯ ಮೇಲೆ ಬೆರಳಿಟ್ಟ. “ಅವಳ ಕೋಣೆ ಇಲ್ಲಿ.”

ಅದು ಜನವರಿ. ಐಸ್‌ಲ್ಯಾಂಡಿನ ಕಡೆಯಿಂದ ಒಂದು ಬಿರುಗಾಳಿ ಹೊರಟಿದೆ ಎಂದು ಹವಾಮಾನದವರು ಆಗಲೇ ಹೇಳುತ್ತಿದ್ದರು. ಅದಕ್ಕೊಂದು ಮುದ್ದಾದ ಹೆಂಗಸಿನ ಹೆಸರನ್ನೂ ಇಟ್ಟಿದ್ದರು. ಹಾವ್‌ಸುಲಾದಲ್ಲಿ ಇಷ್ಟು ಎತ್ತರದ ಅಲೆಯವರೆಗೆ ಜನ ಇರಬಹುದು, ಅದರ ಮೇಲಾದರೆ ಇಳಿಸಬೇಕು ಎಂಬ ಮಿತಿ ಇತ್ತು. ಬರುತ್ತಿದ್ದ ಗಾಳಿ ಎಬ್ಬಿಸುವ ಅಲೆ ಆ ಮಿತಿಗಿಂತ ಕೆಳಗಿತ್ತು. ಮಿತಿಯನ್ನು ಹೇಳಿದ್ದು ಐಲರ್ಟನ ಪ್ರೋಗ್ರಾಂ.

ನಾವಿಬ್ಬರೂ ವಿಗ್ದಿಸಳ ಕೋಣೆಗೆ ಹೋದೆವು. ಐಲರ್ಟ್ ಎಲ್ಲ ಹೇಳಿದ. ವಿಗ್ದಿಸ್ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು.

“ನಿನಗೆ ಪೂರ್ತಿ ಖಾತ್ರಿಯಾ?”

“ಖಾತ್ರಿ.”

“ಅಂದ್ರೆ, ಈ ಮಟ್ಟದ ತೀರ್ಮಾನಕ್ಕೆ ಒಂದು ಸಣ್ಣ ತಂಡ ಮಾಡಿ, ಮುಂದಿನ ವಾರದೊಳಗೆ...”

“ಮುಂದಿನ ವಾರ ಗಾಳಿ ಇರಲ್ಲ ವಿಗ್ದಿಸ್. ನಾಡಿದ್ದಿದೆ.”

“ನೀನು ಮಗಳ ಸಲುವಾಗಿ ಗಾಬರಿಯಾಗಿದೀಯ. ಅರ್ಥ ಆಗುತ್ತೆ. ಆದರೆ ಒಂದ್ಸಲ ಹೇಳಿಬಿಟ್ಟರೆ ಈ ಕಚೇರಿಯಿಂದ ಹೊರಗೆ ಹೋಗಿರೋ ಪ್ರತಿಯೊಂದು ಲೆಕ್ಕಾನೂ...” ಅವಳು ಅಲ್ಲಿಗೆ ನಿಲ್ಲಿಸಿದಳು. ನಿಲ್ಲಿಸಿದ ಜಾಗದಲ್ಲಿ ಅವಳಿಗೂ ಏನೋ ಕಂಡಿತು. ಫೋನನ್ನು ಐಲರ್ಟನ ಕಡೆಗೆ ಸರಿಸಿದಳು.

ಸ್ತವಾಂಗರ್‌ನಲ್ಲಿ ಹಾವ್‌ಸುಲಾದ ಹೊಣೆ ಹೊತ್ತ ತೈಲ ಕಂಪನಿಯವನು ಹರ್ಮನ್ ಲೋಡೆ. ನಿಧಾನದ ಮನುಷ್ಯ, ಐಲರ್ಟನ ಬಗ್ಗೆ ಗೌರವ ಇದ್ದವನು, ಅದೇ ಈಗ ತೊಂದರೆಗೆ ಬಂತು.

“ಐಲರ್ಟ್, ನೀನು ಹೇಳಿದ್ದಕ್ಕೇ ತಾನೆ ಇಷ್ಟು ವರ್ಷ ಅಲ್ಲಿ ಜನ ನಿದ್ದೆ ಮಾಡಿದ್ದು?”

“ಹೌದು. ಆ ಮಾತು ವಾಪಸ್ ತಗೋತಿದೀನಿ.”

“ಲೆಕ್ಕ ಹಾಳಾದ್ರೆ ಎಸೆಯೋ ಪದ್ಧತಿ ಎಲ್ಲ ಕಡೆ ಇರುತ್ತಪ್ಪ. ನಿನ್ನ ಪ್ರೋಗ್ರಾಂನಲ್ಲಿ ಅದನ್ನ ಹಾಕಿದ್ದಕ್ಕೆ ಏನೋ ಒಂದು ಶಾಸ್ತ್ರೀಯ ಕಾರಣ ಇರಬೇಕಲ್ಲ?”

ಇಲ್ಲಿ ಐಲರ್ಟ್ ಒಂದು ಒಳ್ಳೆಯ ಕಾರಣ ಹೇಳಿ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. ಅಂಥ ಕಾರಣ ಹುಟ್ಟಿಸುವುದು ನಮ್ಮ ವೃತ್ತಿಯಲ್ಲಿ ಐದು ನಿಮಿಷದ ಕೆಲಸ. ಆದರೆ ಒಳ್ಳೆಯ ಕಾರಣ ಸಿಕ್ಕರೆ ಲೋಡೆ ಯೋಚಿಸಲು ಕೂರುತ್ತಾನೆ ಎಂದು ಅವನಿಗೆ ಗೊತ್ತಿತ್ತು.

“ಕೇಕ್ ತರೋದು ತಪ್ಪಿಸೋಕೆ ಹಾಕಿದ್ದು” ಎಂದ.

“ಏನಂದೆ?”

“ಲೆಕ್ಕ ಸತ್ತರೆ ಇಲ್ಲಿ ಕೇಕ್ ತರಬೇಕು. ನಂಗೆ ಅವಮಾನ ಆಗ್ತಿತ್ತು. ಅದಕ್ಕೇ ಹಾಕಿದ್ದು. ಬೇರೆ ಕಾರಣ ಇಲ್ಲ ಹರ್ಮನ್. ನಾನೇ ಹೇಳ್ತಿದೀನಿ.”

ಲೋಡೆ ಫೋನಿಟ್ಟ. ಸಂಜೆಯೊಳಗೆ ಜನರನ್ನು ಇಳಿಸಲು ಆಜ್ಞೆ ಹೋಯಿತು.

ಮರುದಿನವಿಡೀ ಹೆಲಿಕಾಪ್ಟರುಗಳು ಹೋಗಿ ಬಂದವು. ಐಲರ್ಟ್ ಫೋನ್ ಹಿಡಿದೇ ಕೂತಿದ್ದ. ಮಗಳು ಯಾವ ಹಾರಾಟದಲ್ಲಿ ಎಂದು ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ, ಕೇಳುವುದು ಚೆನ್ನಾಗಿರುವುದಿಲ್ಲ ಎಂದು. ಅದರ ಮಾರನೆಯ ಬೆಳಿಗ್ಗೆ ಅವಳೇ ಕರೆದಳು.

“ನಾನು ಕೊನೇ ಹಾರಾಟದಲ್ಲಿ ಅಪ್ಪ. ಒಬ್ಬ ಇದ್ದರೂ ನರ್ಸ್ ಇರಬೇಕು ಅಂತ ಇದೆಯಲ್ಲ.”

“ಅದು ಯಾವಾಗ?”

“ಇನ್ನೇನು ಬರಬೇಕು. ಎಣ್ಣೆ ಬಾವಿಗಳನ್ನ ಮುಚ್ಚೋದು ಮುಗೀತು. ಒಂದು ಹೆಲಿಕಾಪ್ಟರಿಗೆ ಆಗೋಷ್ಟು ಜನ ಇದೀವಿ.”

ಆ ಹೆಲಿಕಾಪ್ಟರು ಅರ್ಧ ದಾರಿಗೆ ಬಂದು ತಿರುಗಿತು. ಗಾಳಿ, ಹವಾಮಾನದವರ ಮಾತು ಕೇಳದೆ, ಬೇಗ ಬಂದಿತ್ತು.

ಯೋರುನ್ ಮತ್ತೆ ಕರೆದಾಗ ಅವಳ ದನಿಯ ಹಿಂದೆ ದಪ್ಪ ತಂತಿಯನ್ನು ಯಾರೋ ಎಳೆದಂಥ ಒಂದು ಶಬ್ದ ಇತ್ತು. ನಮ್ಮ ಕಿಟಕಿಯಾಚೆ ಮಧ್ಯಾಹ್ನವೇ ಕತ್ತಲಾಗುತ್ತಿತ್ತು, ಜನವರಿಯಲ್ಲಿ ಆಗುವ ಹಾಗೆ. ನದಿಯ ಮೇಲೆ ಮಂಜುಗಡ್ಡೆಯ ಚೂರುಗಳು ಸುಮ್ಮನೆ ತೇಲುತ್ತಿದ್ದವು.

“ಎಲ್ಲರೂ ಜೀವರಕ್ಷಕ ದೋಣಿಗಳ ಕಟ್ಟೆ ಹತ್ತಿರ ಸೇರಬೇಕು ಅಂತಿದಾರೆ ಅಪ್ಪ. ನಿಯಮ ಹಾಗಿದೆ.”

“ಎಲ್ಲಿದೆ ಅದು?”

“ಕೆಳಮಹಡಿ. ನನ್ನ ಕೋಣೆ ಪಕ್ಕ.”

ಐಲರ್ಟ್ ಎದ್ದು ನಿಂತ. “ಹೋಗಬೇಡಿ. ಯಾರೂ ಹೋಗಬೇಡಿ.”

“ಇಲ್ಲಿ ಅತಿ ಭದ್ರ ಜಾಗ ಅಂತ ಬರೆದಿದೆ.”

“ಬರೆದವರು ನನ್ನ ಲೆಕ್ಕ ನೋಡಿ ಬರೆದಿದ್ದು. ಯೋರುನ್, ಮೇಲೆ ಹೋಗಿ. ಈಶಾನ್ಯ ಮೂಲೆ, ಊಟದ ಮನೆಗಿಂತಲೂ ಮೇಲೆ. ನೈರುತ್ಯದ ಮೆಟ್ಟಿಲು ಹತ್ತಬೇಡಿ.”

“ಇಲ್ಲಿ ಮುಖ್ಯಸ್ಥರು ಒಪ್ಪಲ್ಲ. ನಿಯಮ ಮುರಿದರೆ...”

“ಅವರಿಗೆ ಹೇಳು, ಐಲರ್ಟ್ ಮಿಕ್ಲೆಬುಸ್ಟ್‌ಗೆ ಏನೂ ಗೊತ್ತಿಲ್ಲ ಅಂತ. ಅವನು ಗೊತ್ತು ಅಂದಿದ್ದೆಲ್ಲ ಸುಳ್ಳು ಅಂತ. ಅಷ್ಟು ಹೇಳು.”

“ಇದನ್ನ ಕೇಳೋಕೆ ಅಮ್ಮ ನಿನ್ನ ಪಕ್ಕ ಇರಬೇಕಿತ್ತು” ಎಂದಳು ಯೋರುನ್. ಲೈನು ಕಡಿದುಹೋಯಿತು.

ಹಾವ್‌ಸುಲಾದ ತಳದಲ್ಲಿ ನೀರಿನ ಎತ್ತರ ಅಳೆಯುವ ಒಂದು ಸಾಧನ ಇದೆ. ಅದರ ಗೆರೆ ನಮ್ಮ ಪರದೆಯ ಮೇಲೂ ಬರುತ್ತದೆ. ನಾವೆಲ್ಲ ಅದರ ಮುಂದೆ ನಿಂತೆವು. ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಐಲರ್ಟ್ ಮೂವತ್ತು ವರ್ಷ ತನ್ನ ಪರದೆಯಲ್ಲಿ ಏಳಿಸಿ ಬೀಳಿಸಿದ ಗೆರೆಯ ಹಾಗೆಯೇ ಇತ್ತು. ಇದು ಅವನನ್ನು ಕೇಳಿ ಏಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಹೆಂಡತಿ ಬೋರ್ಗ್ನಿ ಮನೆಯಿಂದ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಅವನು “ಮೇಲೆ ಹೋಗಿದಾರೆ” ಎಂದಷ್ಟೇ ಹೇಳಿದ. ಹೋಗಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ.

ಒಂದು ಸಲ ಗೆರೆ ತುಂಬ ಕೆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಅದು ಆವರೆಗೆ ಹೋಗಿರಲಿಲ್ಲ. ಐಲರ್ಟ್ ಕುರ್ಚಿಯ ಬೆನ್ನು ಹಿಡಿದ. ಆಮೇಲೆ ಗೆರೆ ಮೇಲೇರತೊಡಗಿತು, ಏರುತ್ತಲೇ ಹೋಯಿತು, ಪರದೆಯ ಅಂಚಿಗೆ ಬಂತು. ಅಲ್ಲಿಗೆ ನಿಂತಿತು. ಮತ್ತೆ ಇಳಿಯಲಿಲ್ಲ. ಪರದೆಯ ಉಳಿದ ಭಾಗ ಖಾಲಿಯಾಗಿ ಸರಿಯುತ್ತಿತ್ತು.

ವಿಗ್ದಿಸ್ ಹೋಗಿ ದೀಪ ಹಾಕಿದಳು. ಯಾಕೆ ಹಾಕಿದಳೋ, ಹಾಕಿದ್ದರಿಂದ ಎಲ್ಲರ ಮುಖ ಕಾಣಿಸಿತು.

ಬಹಳ ಹೊತ್ತಿನ ಮೇಲೆ ಲೋಡೆಯ ಫೋನ್ ಬಂತು. ಐಲರ್ಟ್ ತೆಗೆದುಕೊಳ್ಳಲಿಲ್ಲ. ನಾನು ಎತ್ತಿದೆ.

“ಎಲ್ಲರೂ ಇದಾರೆ” ಎಂದ ಲೋಡೆ. “ಮೇಲಿದ್ರು. ಅವನಿಗೆ ಹೇಳು.”

ಹೇಳಿದೆ. ಐಲರ್ಟ್ ತಲೆಯಾಡಿಸಿ ಹೊರಗೆ ಹೋದ. ಸಮತಟ್ಟಾದ ನೆಲದ ಮೇಲೆ, ನಾಲ್ಕು ಗೋಡೆಗಳ ನಡುವೆ, ಟಿಕೆಟ್ ಹರಿಯುವವನ ಮಗನಿಗೆ ವಾಂತಿಯಾಯಿತು.

ಯೋರುನ್ ಮನೆಗೆ ಬಂದಾಗ ಹೆಚ್ಚು ಹೇಳಲಿಲ್ಲವಂತೆ. ಗಾಳಿ ತಗ್ಗಿದ ಮೇಲೆ ತನ್ನ ಬ್ಯಾಗು ತರಲೆಂದು ಕೆಳಗಿಳಿದಿದ್ದಳು. “ಬಾಗಿಲು ಇತ್ತು ಅಪ್ಪ. ಬೀಗಾನೂ ಹಾಕಿದ ಹಾಗೇ ಇತ್ತು. ತೆಗೆದೆ. ಆಚೆ ಕೋಣೆ ಇರಲಿಲ್ಲ.” ದೋಣಿ ಕಟ್ಟೆಯೂ ಇರಲಿಲ್ಲ. ಅಷ್ಟು ಹೇಳಿ ಅವಳು ಆಲೂಗಡ್ಡೆ ಸುಲಿಯಲು ಕುಳಿತಳಂತೆ. ಐಲರ್ಟ್ ಪಕ್ಕದಲ್ಲಿ ಕೂತು ಸುಲಿದದ್ದನ್ನು ತೊಳೆದನಂತೆ. ಈಗ ಅವಳು ದಡದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಕೆಳಗಿನ ಮನೆಯವರು ಏನಾದರೂ ಬಡಿದರೆ ಮೆಟ್ಟಿಲಿಗೆ ಓಡುತ್ತಾಳೆ.

ಹಾವ್‌ಸುಲಾ ಖಾಲಿ ನಿಂತಿದೆ. ಪತ್ರಿಕೆಯವರು ಬಂದು, ಅನಾಹುತ ತಪ್ಪಿಸಿದವನು ಎಂದು ಐಲರ್ಟನ ಚಿತ್ರ ತೆಗೆಯಲು ಹೊರಟಾಗ ಅವನು ಕೊಡೆಯ ಹಿಂದೆ ಮುಖ ಮುಚ್ಚಿಕೊಂಡ. ಹಿಂದೆಯಾದರೆ ಕ್ಷೌರ ಮಾಡಿಸಿಕೊಂಡು ಬರುತ್ತಿದ್ದ. ‘ನನ್ನ ಸಮುದ್ರ’ ಎಂಬ ಮಾತು ಅವನ ಬಾಯಿಂದ ಮತ್ತೆ ನಾವು ಕೇಳಿಲ್ಲ. ವಿಗ್ದಿಸ್ ಅವನಿಗೆ ರಜೆ ತೆಗೆದುಕೊಳ್ಳಲು ಹೇಳಿದಳು. ಬೇಡ, ಒಂದು ಕೆಲಸ ಬಾಕಿ ಇದೆ ಎಂದ.

ಆ ಕೆಲಸ ಇನ್ನೂ ಮುಗಿದಿಲ್ಲ. ದಾನಶೂರನಾಗಿದ್ದ ಕಾಲದಲ್ಲಿ ಯಾರು ಯಾರಿಗೆ ಪ್ರೋಗ್ರಾಂ ಕೊಟ್ಟಿದ್ದನೋ ಅವರನ್ನೆಲ್ಲ ಹುಡುಕುತ್ತಿದ್ದಾನೆ. ಕೆಲವರು ನಿವೃತ್ತರಾಗಿದ್ದಾರೆ. ಕೆಲವರು ಅದನ್ನು ಇನ್ನೊಬ್ಬರಿಗೆ ಕೊಟ್ಟು ಮರೆತಿದ್ದಾರೆ. ಒಂದು ಕಡೆ ಅದರ ಹೆಸರನ್ನೇ ಬದಲಿಸಿ ಮಾರಿದ್ದಾರೆ; ಕೊಂಡವರು ಯಾರೆಂದು ಮಾರಿದವರಿಗೂ ನೆನಪಿಲ್ಲ. ನನ್ನ ಪಕ್ಕದ ಮೇಜಿನಿಂದ ದಿನವೂ ಬೆಳಿಗ್ಗೆ ಅವನ ತಗ್ಗಿದ ದನಿ ಕೇಳುತ್ತದೆ, ಮತ್ತೆ ಮೊದಲಿಂದ, ಅದೇ ನಾಲ್ಕು ಸಾಲುಗಳ ಕತೆ. ಕೆಲವರು ಕೂಡಲೇ ಫೋನಿಟ್ಟು ಓಡುತ್ತಾರೆ. ಕೆಲವರು ನಗುತ್ತಾರೆ.

ಮೊನ್ನೆ ದಕ್ಷಿಣದ ಯಾವುದೋ ದೇಶದ ಒಬ್ಬ ಸಿಕ್ಕಿದ. ದನಿಯಲ್ಲಿ ತುಂಬು ಆತ್ಮವಿಶ್ವಾಸ. ಫೋನಿನ ಹೊರಗೂ ಕೇಳುತ್ತಿತ್ತು. ಐಲರ್ಟ್ ಹೇಳಿದ್ದನ್ನೆಲ್ಲ ಅವನು ಸೌಜನ್ಯದಿಂದ ಕೇಳಿಸಿಕೊಂಡ. ಕೇಳಿ, ನಮ್ಮಲ್ಲಿ ಅಂಥ ಯಾವ ತೊಂದರೆಯೂ ಇಲ್ಲ, ನಮ್ಮ ಲೆಕ್ಕ ಇಷ್ಟು ವರ್ಷದಲ್ಲಿ ಒಂದು ಸಲವೂ ನಿಂತದ್ದಿಲ್ಲ ಎಂದು ಹೆಮ್ಮೆಯಿಂದ ಹೇಳಿದ.

ಐಲರ್ಟ್ ಕಣ್ಣು ಮುಚ್ಚಿಕೊಂಡ. “ನಿಮ್ಮ ವೇದಿಕೆ ಮೇಲೆ ಈಗ ಎಷ್ಟು ಜನ ಇದಾರೆ?” ಎಂದು ಕೇಳಿದ.